ಕಲ್ಲುಬಾನಿಯ ಜಿಲೇಬಿ ಮೀನು

ಗುರುಪಾದಸ್ವಾಮಿಗೆ ಮೀನುಗಾರಿಕೆ ಇಲಾಖೆಯಲ್ಲಿ ಫೀಲ್ಡ್‌ಮನ್ ಕೆಲಸ ಸಿಕ್ಕಾಗ ಯಳಂದೂರಿನ ಅವನ ಮನೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ. ದಿನಾ ಲಿಂಗಪೂಜೆ ನಡೆಯುವ ಮನೆ. ತಾಯಿ ವೀರಮ್ಮನಿಗೆ ಮೀನಿನ ವಾಸನೆಯೇ ಆಗದು. ಮಗ ಕೆರೆಯಿಂದ ಬಂದರೆ ಹಿತ್ತಿಲಲ್ಲೇ ಮಿಂದು ಒಳಗೆ ಬರಬೇಕೆಂದು ಅವಳ ಕಟ್ಟಪ್ಪಣೆ. ಮೇಷ್ಟರಾಗಿದ್ದರೆ ಚೆನ್ನಾಗಿತ್ತೆಂದು ಅವನಿಗೂ ಅನ್ನಿಸುತ್ತಿತ್ತು.

೧೯೬೪ರ ಬೇಸಿಗೆಯಲ್ಲಿ ತೂಬಿನ ರಿಪೇರಿಗೆಂದು ಊರ ಕೆರೆಯ ನೀರು ಇಳಿಸಿದರು. ಹಿಂದಿನ ಮಳೆಗಾಲದಲ್ಲಿ ಇಲಾಖೆಯವರು ಅದರಲ್ಲಿ ತಿಲಾಪಿಯಾ ಎಂಬ ಹೊರದೇಶದ ಮೀನು ಬಿಟ್ಟಿದ್ದರು. ಕೆರೆ ಕಾಯುವ ಮುತ್ತಯ್ಯ ಅದನ್ನು ತಮಿಳರಂತೆ ಜಿಲೇಬಿ ಎನ್ನುತ್ತಿದ್ದ. ನೀರು ಸರಿದ ಕಡೆ ಕೆಸರಿನಲ್ಲಿ ಊಟದ ತಟ್ಟೆಯಷ್ಟಗಲದ ಗುಂಡಿಗಳು ಕಂಡವು.

"ಎಮ್ಮೆ ತುಳ್ದಿರೋದಾ ಮುತ್ತಯ್ಯ?" ಗುರುಪಾದಸ್ವಾಮಿ ಕೇಳಿದ.

"ಅಲ್ಲ ಸಾ, ಗಂಡು ಜಿಲೇಬಿ ಬಾಯಲ್ಲಿ ಕೆಸರು ಎತ್ತಾಕಿ ಮಾಡಿರೋ ಗೂಡು. ಮೈಯೆಲ್ಲ ಕರ್ರಗಾಗಿ, ಗಂಟ್ಲು ಮಾತ್ರ ಬೆಳ್ಳಗೆ ಮಾಡ್ಕಂಡು ಕಾಯ್ತಾ ನಿಂತಿರ್ತದೆ. ಆದ್ರೆ ಅದರೊಳಗೆ ಮೊಟ್ಟೆ ಇದ್ದುದ್ದ ಒಂದಿನಾನೂ ಕಾಣ್ನಿಲ್ಲ ನಾನು."

ಅಂದೇ ಬಲೆಗೆ ದವಡೆ ಊದಿದ ಹೆಣ್ಣು ಮೀನೊಂದು ಬಿತ್ತು. ರೋಗವೇನಾದರೂ ಆಗಿದ್ದರೆ ಕೆರೆಯೆಲ್ಲ ಹರಡೀತು. ಹೆದರಿದ ಗುರುಪಾದಸ್ವಾಮಿ ಅದನ್ನು ಕೊಡದಲ್ಲಿ ಮನೆಗೆ ತಂದು, ದನಗಳಿಗೆ ನೀರಿಡುವ ಹಿತ್ತಿಲ ಕಲ್ಲುಬಾನಿಗೆ ಬಿಟ್ಟ.

"ದನ ಎಲ್ಲಿ ಕುಡೀಬೇಕ್ಲಾ?" ವೀರಮ್ಮ ಸಿಡುಕಿದಳು. "ಮನೇನೂ ಕೆರೆ ಮಾಡ್ಬುಟ್ಯಾ?"

ಎರಡು ದಿನ ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಸಂಜೆ ಮಗ ಬಂದಾಗ ಬಾನಿಯ ನೀರಿನ ಮೇಲೆ ತೌಡು ತೇಲುತ್ತಿತ್ತು.

"ನೀವು ಆಕುದ್ರಾ ಅವ್ವ?"

"ಉಪಾಸ ಅದೆ ಪ್ರಾಣಿ. ಇನ್ನೇನು ಮಾಡ್ಲಿ? ತೌಡು ಹಾಕುದ್ರೂ ಮೂಸ್ನಿಲ್ಲ."

ಮೀನು ಏನನ್ನೂ ಮುಟ್ಟಲಿಲ್ಲ. ಒಂದೇ ಕಡೆ ನಿಂತು, ಏನನ್ನೋ ಮೆಲುಕು ಹಾಕುವಂತೆ ದವಡೆ ಆಡಿಸುತ್ತಿತ್ತು. ದಿನದಿನಕ್ಕೆ ಅದರ ಹೊಟ್ಟೆ ಒಳಕ್ಕೆ ಹೋಯಿತು. ಇದು ಸತ್ತರೆ ಮೇಲಿನವರಿಗೆ ಏನು ಹೇಳುವುದೆಂದು ಗುರುಪಾದಸ್ವಾಮಿಗೆ ಚಿಂತೆ ಹತ್ತಿತು. ವೀರಮ್ಮ ಮಾತ್ರ ಬಿಸಿಲು ಬೀಳದಂತೆ ಬಾನಿಯ ಮೇಲೆ ತೆಂಗಿನ ಗರಿ ಹೊದಿಸಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಕೂಗಿಕೊಂಡಳು.

"ಬಾರ್ಲಾ ಬೇಗ! ಎಳ್ಳುಕಾಳಿನಂಗೆ ಮರಿಗಳು ಆಡ್ತಿದ್ದೊ. ಕಾಗೆ ಬಂದು ಕೂತ್ಕತು, ಇದು ಅಷ್ಟನ್ನೂ ನುಂಗ್ಬುಡ್ತು! ಇದೂ ಒಂದು ತಾಯಾ?"

ಅವಳ ಕಣ್ಣು ತುಂಬಿತ್ತು. ಗುರುಪಾದಸ್ವಾಮಿ ಕಾಗೆಯನ್ನು ಓಡಿಸಿ ಬಾನಿಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತ. ನೀರು ತಿಳಿಯಾಯಿತು. ಸ್ವಲ್ಪ ಹೊತ್ತಿಗೆ ಮೀನು ಮೆಲ್ಲನೆ ಬಾಯಿ ತೆರೆಯಿತು. ಒಂದು ಮರಿ ಹೊರಬಂತು, ಹಿಂದೆಯೇ ಹತ್ತು, ಆಮೇಲೆ ಲೆಕ್ಕಕ್ಕೇ ಸಿಗದಷ್ಟು. ಎಲ್ಲವೂ ತಾಯಿಯ ಮುಖದ ಸುತ್ತ ಮುತ್ತಿಕೊಂಡವು.

"ನುಂಗಿಲ್ಲ ಅವ್ವ, ಬಾಯೊಳಗೆ ಬಚ್ಚಿಟ್ಕಂಡಿತ್ತು. ಮೊಟ್ಟೆನೂ ಅಲ್ಲೇ ಇತ್ತು ಅಂತ ಕಾಣ್ತದೆ. ಅದಕ್ಕೇ ದವಡೆ ಊದಿದ್ದು."

ವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಲೇ ನಿಂತಳು. "ತಿಂದ್ರೆ ಮಕ್ಳು ಒಟ್ಟೆಗೋಯ್ತವೆ ಅಂತ ಉಪಾಸ ಇತ್ತೇನಪ್ಪ" ಎಂದಳು.

ಅವನು ಕೆರೆಗೆ ಓಡಿ ಮುತ್ತಯ್ಯನಿಗೆ ಸುದ್ದಿ ಮುಟ್ಟಿಸಿದ. ದವಡೆ ಉಬ್ಬಿದ ಮೀನು ಸಿಕ್ಕರೆ ನೀರಿಗೇ ಬಿಡಬೇಕೆಂದು ಇಬ್ಬರೂ ಮಾತಾಡಿಕೊಂಡರು. ತೂಬಿನ ಕೆಲಸ ಮುಗಿದು ಮೊದಲ ಮಳೆಗೆ ಕೆರೆಗೆ ನೀರು ಬಂದಾಗ, ಬೆಳೆದ ಮರಿಗಳನ್ನೂ ತಾಯಿಯನ್ನೂ ಕೊಡಕ್ಕೆ ತುಂಬಿಕೊಂಡು ಅವನು ಹೊರಟ.

ವೀರಮ್ಮನೂ ಚಪ್ಪಲಿ ಮೆಟ್ಟಿಕೊಂಡಳು. "ನಿಧಾನಕ್ಕೆ ನಡಿಯಪ್ಪ, ನೀರು ತುಳುಕ್ತದೆ" ಎನ್ನುತ್ತ ಮಗನ ಪಕ್ಕದಲ್ಲೇ ಏರಿಯವರೆಗೂ ನಡೆದಳು.