ತೊಟ್ಟಿಯ ಲೋಳೆ

ಹೊಸ ಜೀವಿಗೆ ಹೆಸರಿಡುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ? ಭದ್ರಾವತಿಯ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿದ್ದ ಯಜ್ಞನಾರಾಯಣ ತನಗದು ಸಿಕ್ಕೇಬಿಟ್ಟಿತೆಂದು ಬೀಗುತ್ತಿದ್ದ. ಕೈಯಿಟ್ಟರೆ ಸುಡುವ ಬಿಸಿನೀರಿನ ತೊಟ್ಟಿಯಲ್ಲಿ ಬೆಳೆದ ಬ್ಯಾಕ್ಟೀರಿಯ ಅದು, ಯಾವ ಪುಸ್ತಕದಲ್ಲೂ ಇಲ್ಲದ್ದು ಎಂಬುದು ಅವನ ಎಣಿಕೆ. ಮಾದರಿಯನ್ನು ಬೆಂಗಳೂರಿನ ಪ್ರೊಫೆಸರರಿಗೆ ಕಳಿಸಿದ. ಉತ್ತರ ಬರುವ ಮೊದಲೇ ಶಿವಮೊಗ್ಗದ ಮಾವನ ಮನೆಯಲ್ಲಿ, ಊಟಕ್ಕೆ ಕೂತ ಪಂಕ್ತಿಯ ಮುಂದೆಲ್ಲ ಜಂಬ ಕೊಚ್ಚಿಕೊಂಡೂ ಬಂದ. ಆ ಜೀವಿಗೆ ಇವನ ಮನೆತನದ ಹೆಸರಂತೆ!

ಆ ಜೀವಿ ಲೋಳೆಯಾಗಿ ತೊಟ್ಟಿಯ ಗೋಡೆಗೆ ಅಂಟಿದ್ದನ್ನು ಮೊದಲು ಕಂಡವಳು ಮಲವಗೊಪ್ಪದಿಂದ ನಡೆದು ಬಂದು ತೊಟ್ಟಿ ಉಜ್ಜುತ್ತಿದ್ದ ಕಾಳಮ್ಮ. ಇವನು ಕುದಿಸಿಟ್ಟ ಬಾಟಲಿಗೆ ಅದನ್ನು ಕೆರೆದು ತುಂಬಿ, ಹತ್ತಿಯ ಬಿರಡೆ ಹಾಕಿ ತಂದವಳೂ ಅವಳೇ. ಆದರೆ ಅವಳು ಮುಟ್ಟಿದ್ದನ್ನು ಇವನು ಹಾಗೇ ಮುಟ್ಟುವುದುಂಟೆ? ಅವಳು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದ ಮೇಲೆ, ಮನೆಯಿಂದ ತಂದ ಚೊಂಬಿನ ಬಾವಿನೀರನ್ನು ಬಾಟಲಿಯ ಮೇಲೆ ಸುರಿದು, ಮೈಲಿಗೆ ಕಳೆದು ಒಳಗೊಯ್ದಿದ್ದ.

ಆ ಮಾದರಿಯಿಂದ ಗಾಜಿನ ತಟ್ಟೆಯಲ್ಲಿ ಗುಲಾಬಿ ಬಣ್ಣದ ಪದರ ಬೆಳೆದಿತ್ತು. ಕಿಟಕಿಯಾಚೆಯಿಂದ ಅದನ್ನು ಕಂಡ ಕಾಳಮ್ಮ, "ತೊಟ್ಟೀಲಿರೋದು ಅರಿಶಿನದ ಬಣ್ಣ ಅಲ್ವಾ ಸ್ವಾಮಿ? ಇದು ಬ್ಯಾರೆ ಕಾಣ್ತದೆ" ಅಂದಿದ್ದಳು.

"ನಿನಗೇನೇ ಗೊತ್ತು? ಹೋಗಿ ಕೆಲಸ ನೋಡು" ಎಂದು ಗದರಿದ್ದ.

ಪ್ರೊಫೆಸರರ ಕಾಗದ ಬಂತು. "ಇದು ಬಾವಿನೀರಿನಲ್ಲಿ ಸಿಗುವ, ಎಲ್ಲರಿಗೂ ಗೊತ್ತಿರುವ ಜೀವಿ. ನಿಮ್ಮ ತೊಟ್ಟಿಯ ಕಾವಿಗೆ ಸತ್ತೇ ಹೋಗುತ್ತದೆ. ಬಿರಡೆ ಒದ್ದೆಯಾಗಿತ್ತೆ? ಹೊರಗಿನ ನೀರು ಸೇರಿತ್ತೆ?"

ಮೇಜಿನಡಿ ಚೊಂಬು ಕೂತಿತ್ತು. ಬಾಟಲಿಯ ಮೇಲೆ ಸುರಿದ ನೀರು ಯಜ್ಞನಾರಾಯಣನಿಗೆ ನೆನಪಾಯಿತು. ಮಾವನಿಗೆ ಏನು ಹೇಳಲಿ ಎಂಬುದೇ ಮೊದಲು ಹೊಳೆದ ಚಿಂತೆ. 'ಕೂಲಿಯವಳ ಕೈತಪ್ಪು' ಎಂದು ಉತ್ತರ ಬರೆದೂಬಿಟ್ಟ. ಓದಿಕೊಂಡರೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹರಿದು ಹಾಕಿ, 'ನೀರು ಸುರಿದವನು ನಾನೇ, ಬೇರೆ ಮಾದರಿ ಕಳಿಸುತ್ತೇನೆ' ಎಂದು ಬರೆದ.

ಮರುದಿನ ಕಾಳಮ್ಮ ಹೊಸ ಬಾಟಲಿ ತುಂಬಿ ತಂದಳು. ಒಳಗಿನ ಲೋಳೆ ಅವಳು ಹೇಳಿದಂತೆ ಅರಿಶಿನದ ಬಣ್ಣಕ್ಕೇ ಇತ್ತು. ಯಜ್ಞನಾರಾಯಣ ಮೆಟ್ಟಿಲಿಳಿದು ಕೈ ಚಾಚಿದ.

ಅವಳು ಬೆದರಿ ಹಿಂದೆ ಸರಿದಳು. ಬಾಟಲಿಯನ್ನು ಎಂದಿನಂತೆ ಮೆಟ್ಟಿಲ ಮೇಲಿಟ್ಟು, ಅವನ ಬರಿಗೈ ನೋಡಿದಳು.

"ಚೊಂಬು ಮರೆತು ಬಂದ್ರಾ ಸ್ವಾಮಿ? ತಗೊಂಡ್ ಬನ್ನಿ, ನಾನು ಕಾಯ್ತೀನಿ."

ತಲೆಯೆತ್ತಿ ಅವಳ ಮುಖ ನೋಡಲು ಅವನಿಂದಾಗಲಿಲ್ಲ.