ಗುಡುಗಿಗೆ ಕಿತ್ತ ಪ್ಲಗ್ಗು

ನನ್ನ ಸೊಸೆ ಬೃಂದಾ ತೆಂಗಿನಮರಗಳ ಲೆಕ್ಕ ಶುರು ಮಾಡಿ ಎಷ್ಟು ಕಾಲವಾಯಿತೆಂದರೆ, ಆಗ ಹಿತ್ತಲಲ್ಲಿ ನೆಟ್ಟ ಸಸಿ ಈಗ ಆಕಾಶಕ್ಕೆ ತೂತು ಹಾಕಿ ನಿಂತಿದೆ. ಅವಳು ಕಡೂರಿನ ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಹೇಳುತ್ತಾಳೆ. ಅದು ಸಾಲದೆಂದು ಪಿಎಚ್.ಡಿ. ಬೇರೆ ಕಟ್ಟಿಕೊಂಡಳು. ನಮ್ಮ ಪಂಚನಹಳ್ಳಿಯಿಂದ ಹಿಡಿದು ದೇವನೂರು, ತರೀಕೆರೆ, ಅಜ್ಜಂಪುರದ ಕಡೆಯ ತೋಟಗಳನ್ನೆಲ್ಲ ಸ್ಕೂಟಿಯಲ್ಲಿ ಸುತ್ತಿ, ಯಾವ ಮರಕ್ಕೆ ನುಸಿ ರೋಗ ಬಂದಿದೆ, ಯಾವುದು ಚೇತರಿಸಿಕೊಂಡಿದೆ ಎಂದು ಬರೆದುಕೊಂಡು ಬಂದಳು. ನಮ್ಮ ಮರ ಎಷ್ಟು ಕಾಯಿ ಬಿಡುತ್ತದೆಂದು ನನ್ನನ್ನೂ ಕೇಳಿದಳು.

"ಒಂದೊಂದ್ ಮರಕ್ಕೆ ಸಾವ್ರ ಬರ್ಕೋ" ಅಂದೆ.

"ಅತ್ತೆ, ನಿಮ್ ಲೆಕ್ಕ ಹಾಕಿದ್ರೆ ಮಿಷನ್ನೇ ಸುಟ್ಟೋಗ್ತದೆ" ಎಂದು ತಾನೇ ಹೋಗಿ ಎಣಿಸಿಕೊಂಡಳು.

ಅಷ್ಟು ಲೆಕ್ಕ ಮನೆಯ ಲ್ಯಾಪ್‌ಟಾಪಿಗೆ ಹೊರಲಾರದ ಭಾರವಂತೆ. ಯೂನಿವರ್ಸಿಟಿಯಲ್ಲಿ ಹತ್ತಾರು ಕಂಪ್ಯೂಟರುಗಳನ್ನು ಒಟ್ಟಿಗೆ ನೊಗಕ್ಕೆ ಹೂಡಿದ್ದಾರೆ, ಅದಕ್ಕೆ ಕ್ಲಸ್ಟರ್ ಅನ್ನುತ್ತಾರೆ. ನಮ್ಮ ಪಡಸಾಲೆಯಲ್ಲಿ ಕೂತೇ ಅದಕ್ಕೆ ಕೆಲಸ ಹೇಳಬಹುದು. ಲೆಕ್ಕ ಮಾಡುವ ಸಾಫ್ಟ್‌ವೇರಿನ ಹೆಸರು ಆರ್.

"ಬರೀ ಒಂದಕ್ಷರವಾ? ಹೆಸರಿಡೋಕೂ ಅಷ್ಟ್ ಜಿಪುಣತನವಾ?" ಅಂದೆ.

"ಹೆಸರು ಚಿಕ್ದು ಅತ್ತೆ, ಸಂಸಾರ ದೊಡ್ದು. ಅದ್ರ ಜೊತೆಗೆ ಪ್ಯಾಕೇಜ್ ಅಂತ ಹಾಕ್ಕೋಬೇಕು. ನಂಗೆ ಬೇಕಾಗಿರೋ ಪ್ಯಾಕೇಜ್ ಅಲ್ಲಿಲ್ಲ. ಅಲ್ಲಿರೋದು ಎಲ್ರ ಸಾಮಾನು, ಅದಕ್ಕೆ ನಾನು ಕೈ ಹಾಕಂಗಿಲ್ಲ. ನನ್ ಪಾಲಿಗೆ ಕೊಟ್ಟಿರೋ ಜಾಗದಲ್ಲಿ ನಾನೇ ಹಾಕ್ಕೋಬೇಕು."

"ಮಠದ ದಾಸೋಹಕ್ಕೆ ನಮ್ ಉಪ್ಪಿನಕಾಯಿ ನಾವೇ ಕಟ್ಕೊಂಡ್ ಹೋದಂಗೆ."

"ಹೂಂ, ಹಂಗೇ."

ಆದರೆ ಆ ಉಪ್ಪಿನಕಾಯಿ ಒಂಟಿಯಾಗಿ ಬರುವ ಜಾತಿಯದಲ್ಲ. ಒಂದು ಪ್ಯಾಕೇಜ್ ಕರೆದರೆ ಅದು ಇನ್ನೊಂದನ್ನು ಕೇಳುತ್ತದೆ, ಅದು ಮತ್ತೊಂದನ್ನು. ಒಬ್ಬ ಬೀಗರನ್ನು ಊಟಕ್ಕೆ ಕರೆದರೆ ಲಾರಿ ತುಂಬ ನೆಂಟರು ಇಳಿದ ಹಾಗೆ. ಅಂತೂ ಎಲ್ಲರಿಗೂ ಜಾಗ ಕೊಟ್ಟು ಕೂರಿಸಿದಳು. ಅಷ್ಟಾದ ಮೇಲೂ ಲೆಕ್ಕ ಮುಗಿಯಲಿಲ್ಲ. ಅರ್ಧ ಓಡುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು, ಕರೆಂಟಿನ ಹಿಂದೆ ನೆಟ್ಟೂ ಹೋಗುತ್ತಿತ್ತು, ಅಲ್ಲಿಯವರೆಗೆ ಮಾಡಿದ್ದೆಲ್ಲ ನೀರುಪಾಲು. ಸೋಮವಾರ ಕಮಿಟಿಯ ಮುಂದೆ ಫಲಿತಾಂಶ ಇಡಬೇಕು, ಇನ್ನು ಗಡುವು ಕೊಡುವುದಿಲ್ಲ ಎಂದು ಅವಳ ಗೈಡು ಹೇಳಿಬಿಟ್ಟಿದ್ದರು.

ಗುರುವಾರ ಅಡುಗೆಮನೆಯಲ್ಲಿ ಅವಳು ನನ್ನ ಮಗ ಭೈರೇಶನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಈ ಸಲನೂ ಬರ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ ಕಣ್ರೀ. ಸಾಕಾಯ್ತು."

ಎಲ್ಲದಕ್ಕೂ ಒಂದು ಚುಚ್ಚುಮಾತು ಸಿದ್ಧವಿಟ್ಟುಕೊಳ್ಳುವ ನಾನು ಅವತ್ತು ಹಿತ್ತಲಿಗೆ ಹೋಗಿ ಆ ತೆಂಗಿಗೆ ಎರಡು ಕೊಡ ನೀರು ಹಾಕಿ ಬಂದೆ.

ಮರುದಿನ ಆ ಕ್ಲಸ್ಟರ್ ನೋಡಿಕೊಳ್ಳುವ ಶಿವಪ್ರಸಾದ್ ಎಂಬವನ ಹತ್ತಿರ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಅವನ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಳು. ಶನಿವಾರ ಬೆಳಿಗ್ಗೆ ಟಕಟಕ ಏನೋ ಒತ್ತಿ ಎದ್ದಳು. "ಈ ಸಲ ಬೇರೆ ಥರ ಹಾಕಿದೀನಿ ಅತ್ತೆ. ಸಂಜೆ ನೋಡೋಣ" ಎಂದು ಪರೀಕ್ಷೆ ಡ್ಯೂಟಿಗೆ ಹೊರಟಳು. ಅಲ್ಲಿ ಫೋನು ಒಳಗೆ ಬಿಡುವುದಿಲ್ಲ. ಲ್ಯಾಪ್‌ಟಾಪು ಮೇಜಿನ ಮೇಲೆ ಕಣ್ಣು ಬಿಟ್ಟುಕೊಂಡೇ ಇತ್ತು.

ಮಧ್ಯಾಹ್ನ ಗುಡುಗು ಬಂತು. ನಮ್ಮೂರಲ್ಲಿ ಗುಡುಗಿದರೆ ಬಾಯಿಗೆ ದೇವರ ಹೆಸರು ಬರುವುದಕ್ಕೆ ಮುಂಚೆ ಕೈ ಪ್ಲಗ್ಗಿಗೆ ಹೋಗುತ್ತದೆ. ಪಕ್ಕದ ಮನೆ ತೀರ್ಥಪ್ಪನ ಟೀವಿ ಹಿಂದೊಮ್ಮೆ ಸಿಡಿಲಿಗೆ ಸುಟ್ಟಾಗ ಎದ್ದ ಹೊಗೆಯಲ್ಲಿ ಅಜ್ಜಂಪುರದವರು ಕೆಮ್ಮಿದ್ದರು. ಟೀವಿ, ಫ್ರಿಜ್ಜು, ನೆಟ್ಟಿನ ಡಬ್ಬಿ, ಲ್ಯಾಪ್‌ಟಾಪು, ಗೋಡೆಗೆ ಅಂಟಿದ್ದನ್ನೆಲ್ಲ ಕಿತ್ತೆ. ಡಬ್ಬಿಯ ದೀಪ ಆರಿತು. ಲ್ಯಾಪ್‌ಟಾಪಿನ ಬ್ಯಾಟರಿ ನನ್ನ ಮಂಡಿಗಿಂತ ಹಳತು, ಅದೂ ಕಪ್ಪಾಯಿತು. ಆಗ ನೆನಪಾಯಿತು, ಅದರೊಳಗೆ ಓಡುತ್ತಿದ್ದುದು ಏನೆಂದು.

ಮಳೆ ನಾಲ್ಕು ಹನಿ ಉದುರಿಸಿ ದೂರ ಹೋಯಿತು. ನಾನು ಕ್ಯಾಲೆಂಡರಿನ ನಂಬರಿಗೆ ಫೋನು ಮಾಡಿದೆ.

"ಬೃಂದಾನ ಅತ್ತೆ ಸುಲೋಚನಮ್ಮ ಕಣಪ್ಪಾ, ಪಂಚನಹಳ್ಳಿಯಿಂದ. ನಿಮ್ ಮಿಷನ್ನಿನ ಪ್ಲಗ್ಗು ಕಿತ್ತಾಕ್ಬಿಟ್ಟೆ."

ಶಿವಪ್ರಸಾದ್ ಅಂದ, "ನಮ್ ಮಿಷನ್ ಇಲ್ಲೇ ಓಡ್ತಾ ಇದೆಯಲ್ಲ ಅಜ್ಜಿ."

"ಮನೆದು ಕಣಪ್ಪಾ. ಆನೆ ಗಾತ್ರದ ಸಿಡಿಲು, ಕಿಟಕೀಲಿ ಇಣುಕ್ತು. ಕಿತ್ತೆ. ಅವಳ ಕೆಲ್ಸ ಹೋಯ್ತಾ?"

"ಅವ್ರು ಅಲ್ಲಿ ಕೂತ್ಕೊಂಡು ಓಡಿಸ್ತಿದ್ರೆ ಹೋಗಿರ್ತದೆ. ನಾನು ಹೇಳಿದಂಗೆ ಸಾಲಿಗೆ ಹಾಕಿ ಹೋಗಿದ್ರೆ ಏನೂ ಆಗಲ್ಲ."

"ಅಂದ್ರೆ ಹಿಟ್ಟಿನ ಗಿರಣೀಲಿ ರಾಗಿ ಚೀಲ ಸಾಲಿಗಿಟ್ಟು ಮನೆಗೆ ಬತ್ತೀವಲ್ಲ, ಹಂಗಾ?"

"ಹಂಗೇ ಅಜ್ಜಿ. ಸರದಿ ಬಂದಾಗ ಇಲ್ಲೇ ಬೀಸ್ತದೆ. ಮನೇಲಿ ನೀವ್ ಏನ್ ಕಿತ್ರೂ ಇಲ್ಲಿ ನಿಲ್ಲಲ್ಲ."

"ಹಂಗಾರೆ ನನ್ ಸೊಸೆ ಚೀಲ ಇಟ್ಟವ್ಳೋ ಇಲ್ವೋ, ನೋಡಿ ಹೇಳಪ್ಪಾ."

"ತಡೀರಿ, ನೋಡ್ತೀನಿ."

ಅಷ್ಟರಲ್ಲಿ ಊರಿಗೇ ಕರೆಂಟ್ ಹೋಯಿತು. ಟವರೂ ಸತ್ತಿತು. ಫೋನು ಹಿಡಿದುಕೊಂಡು ತೋಟದ ಬೇಲಿಯವರೆಗೆ ನಡೆದರೂ ಒಂದು ಕಡ್ಡಿ ಸಿಗ್ನಲ್ ಹುಟ್ಟಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕರೆಂಟೂ ಬಂತು, ಬೃಂದಾಳೂ ಬಂದಳು. ನೇತಾಡುತ್ತಿದ್ದ ವೈರುಗಳನ್ನು ಬಾಗಿಲಿನಿಂದಲೇ ನೋಡಿದಳು.

"ಕಿತ್ತೆ ಕಣೇ. ಗುಡುಗ್ತು. ಬೈಯೋದಿದ್ರೆ ಈಗ್ಲೇ ಬೈದ್ಬಿಡು."

ಅವಳು ಬೈಯಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ಪ್ಲಗ್ಗು ಸಿಕ್ಕಿಸಿ ಕೂತಳು. ಕರಿಯ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಂತು. ನನಗೆ ಓದಲು ಬಾರದು, ಅವಳ ಮುಖ ಓದೋಣವೆಂದರೆ ಅದೂ ಮುಚ್ಚಿದ ಬಾಗಿಲು.

"ಏನಂತದೆ ಕಣೇ?"

"ಓಡ್ತಾ ಇದೆ ಅತ್ತೆ."

"ಚೀಲ ಸಾಲಿಗಿಟ್ಟಿದ್ದೆಯಾ?"

"ಯಾವ್ ಚೀಲ?" ನಾನು ಶಿವಪ್ರಸಾದನ ಕಥೆ ಹೇಳಿದೆ. "ಹೂಂ, ಸಾಲಿಗೇ ಇಟ್ಟಿದ್ದೆ" ಎಂದು ಅವಳು ನಗಲು ಶುರು ಮಾಡಿದಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ.

"ಬೆಳಗ್ಗೆ ಒಂದ್ ಮಾತು ಹೇಳೋಕೆ ಏನಾಗಿತ್ತೇ ನಿಂಗೆ? ನನ್ ಜೀವ ಅಂತರಘಟ್ಟೆ ಗುಡಿವರ್ಗೂ ಹೋಗಿ ಅಮ್ಮನಿಗೆ ಕೈ ಮುಗಿದು ವಾಪಸ್ ಬಂತು."

ನಾನು ರೊಟ್ಟಿ ತಟ್ಟುತ್ತಿದ್ದಾಗ ಪಡಸಾಲೆಯಿಂದ "ಅತ್ತೆ" ಎಂದು ಕೂಗಿದಳು. ಹೋಗಿ ನೋಡಿದರೆ ಪರದೆಯ ಆ ಸಾಲು ಮಾಯವಾಗಿತ್ತು. "ಮುಗೀತು. ಸರಿಯಾಗಿ ಮುಗೀತಾ, ಅರ್ಧಕ್ಕೆ ಬಿತ್ತಾ ನೋಡ್ಬೇಕು" ಎಂದು ಇನ್ನೊಂದೇನೋ ತೆರೆದಳು. ಪರದೆಯ ತುಂಬ ಅಂಕಿಗಳು ಇಳಿದವು. ಅವಳ ಬೆರಳು ಒಂದೊಂದೇ ಸಾಲಿನ ಮೇಲೆ ಮೆಲ್ಲಗೆ ಹೋಯಿತು.

"ಎಲ್ಲಾ ಬಂದಿದೆ ಅತ್ತೆ."

"ನಮ್ ಮರಗಳ ಗತಿ ಏನಂತೆ?"

"ನುಸಿ ಬಂದ ತೋಟದಲ್ಲಿ ಅರ್ಧಕ್ಕಿಂತ ಜಾಸ್ತಿ ಸುಧಾರಿಸ್ಕೊಂಡಾವೆ. ನಮ್ದೂ ಅದ್ರಲ್ಲೇ ಇದೆ."

"ನಾನ್ ಸಾವ್ರ ಅಂದಾಗ ನಂಬ್ಲಿಲ್ಲ."

"ಈಗ್ಲೂ ನಂಬಲ್ಲ" ಅಂದಳು. ರೊಟ್ಟಿ ಸೀದ ವಾಸನೆಗೆ ಇಬ್ಬರೂ ಒಳಗೆ ಓಡಿದೆವು.

ಸೋಮವಾರ ಬೆಳಿಗ್ಗೆ ಬಾಳೆಹಸಿರು ಸೀರೆಯುಟ್ಟು ಬ್ಯಾಗು ಹೆಗಲಿಗೇರಿಸಿದಳು. "ಇನ್ನೂ ಒಂದು ಲೆಕ್ಕ ಸಾಲಿಗೆ ಹಾಕಿದೀನಿ ಅತ್ತೆ. ಗುಡುಗಿದ್ರೆ ಧೈರ್ಯವಾಗಿ ಪ್ಲಗ್ಗು ಕಿತ್ತಾಕಿ."

ಅವತ್ತು ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ. ಆದರೂ ಅವಳ ಬಸ್ಸು ತಿರುವು ದಾಟುವುದರೊಳಗೆ ಎಲ್ಲವನ್ನೂ ಕಿತ್ತಿಟ್ಟು, ಗಿರಣಿಯ ಕಡೆ ಹೊರಟೆ. ಸೊಸೆಯ ಚೀಲವನ್ನು ಲಕ್ಷ ಕಂಪ್ಯೂಟರುಗಳು ಬೀಸುತ್ತಿವೆ ಎಂದು ಅಲ್ಲಿ ಕೂತವರಿಗೆಲ್ಲ ಹೇಳಬೇಕಿತ್ತು.