ಕೆಂಪು ಚೀಟಿ ಕಟ್ಟಿದ ಉಸಿರುಡಬ್ಬಿ

ಹೆಣ ಮೇಲೆ ಬರುವುದನ್ನು ಕಾಯುತ್ತ ದಡದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ಹಿಡಿದ ನೀವು, ಅದನ್ನು ತರಲು ಕೆಳಗಿಳಿದವನ ಬಾಯಿಗೆ ಗಾಳಿ ಕೊಡುವ ರಬ್ಬರು ಎಷ್ಟು ವರ್ಷದ್ದೆಂದು ಒಮ್ಮೆಯಾದರೂ ಕೇಳಿದ್ದೀರಾ?

ಕಮತಗಿಯ ಈರಪ್ಪ ಕೇಳುತ್ತಿದ್ದ. ವರ್ಷಕ್ಕೆರಡು ಸಲ ಬಿಚ್ಚಿಯೂ ನೋಡುತ್ತಿದ್ದ. ಅಣೆಕಟ್ಟೆಯೊಂದರ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಅವನಿಗೆ, ನಿವೃತ್ತಿಯ ವರ್ಷ ಗುಜರಿಯ ರಾಶಿಯಲ್ಲಿ ಒಂದು ಹಿತ್ತಾಳೆಯ ಡಬ್ಬಿ ಸಿಕ್ಕಿತ್ತು. ಅದರ ಎರಡು ಬದಿಗೂ ಸುಕ್ಕುಸುಕ್ಕಾದ ರಬ್ಬರ್ ಕೊಳವೆಗಳಿದ್ದವು. ಉಳಿದವರು ಅದನ್ನು ಯಾವುದೋ ಪಂಪಿನ ತುಂಡೆಂದರು. ಈರಪ್ಪ ಒಪ್ಪಲಿಲ್ಲ. ಹೆಸರಿನ ಪಟ್ಟಿ ಸವೆದುಹೋಗಿತ್ತು. ಅಂಚಿನಲ್ಲಿ ಒತ್ತಿದ್ದ ಐದು ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದಿ, ಡಬ್ಬಿಯ ಎರಡು ಹೋಳುಗಳನ್ನು ಬಿಗಿಹಿಡಿದ ಕ್ಲಿಪ್ಪುಗಳನ್ನು ಎಣಿಸಿ, ವರ್ಕ್‌ಶಾಪಿನ ಹಳೆಯ ಕೈಪಿಡಿಯ ಚಿತ್ರಗಳೊಂದಿಗೆ ಹೋಲಿಸಿ, ಅದು ಅರವತ್ತರ ದಶಕದಲ್ಲಿ ಮುಳುಗುಗಾರರು ಬಳಸುತ್ತಿದ್ದ ರೆಗ್ಯುಲೇಟರ್ ಎಂದು ನಿಶ್ಚಯಿಸಿದ. ಬೆನ್ನಿಗೆ ಕಟ್ಟಿದ ಸಿಲಿಂಡರಿನ ಬಿರುಗಾಳಿಯನ್ನು ಪಳಗಿಸಿ, ಮನುಷ್ಯ ಎಳೆದುಕೊಂಡಷ್ಟನ್ನೇ ಬಾಯಿಗೆ ಬಿಡುವ ಯಂತ್ರ. ಮನೆಯವರು ಅದನ್ನು ಉಸಿರುಡಬ್ಬಿ ಎಂದರು.

ಅದನ್ನು ಅವನು ತಂಗಿಯ ಮಗ ಅಮರೇಶನಿಗೆ ಕೊಟ್ಟ. ಅಮರೇಶ ಇಲಕಲ್ಲಿನ ಕಲ್ಲುಗಣಿಯ ಕೆಲಸಗಾರ. ಗಣಿಯ ಹೊಂಡದಲ್ಲೇ ಈಜು ಕಲಿತವನು. ಶಿವಯೋಗ ಮಂದಿರದ ಆಚೆಯಿಂದ ಈಚೆಯ ಸಂಗಮದವರೆಗೆ ಮಲಪ್ರಭೆಯಲ್ಲಿ ಯಾರು ಮುಳುಗಿದರೂ ಜನ ಕರೆಯುತ್ತಿದ್ದುದು ಅವನನ್ನೇ. ಹೆಣ ಮೇಲೆ ತಂದಮೇಲೆ ಶಾಲು ಹೊದಿಸಿ ಭಾಷಣ ಮಾಡುತ್ತಿದ್ದರು. ಮನೆಯ ಟ್ರಂಕಿನಲ್ಲಿ ಹದಿನಾಲ್ಕು ಶಾಲುಗಳಿದ್ದವು. ಹೊಸದೊಂದು ರೆಗ್ಯುಲೇಟರ್ ಕೊಡಿಸಬೇಕೆಂದು ಭಾಷಣ ಮಾಡಿದವರಲ್ಲಿ ಒಬ್ಬನಿಗೂ ತೋಚಲಿಲ್ಲ.

ಆದ್ದರಿಂದ ಈರಪ್ಪ ಹಳೆಯದನ್ನೇ ಮಗುವಿನಂತೆ ಸಾಕಿದ. ಪ್ರತಿ ಸಲ ನದಿಯಿಂದ ಬಂದಮೇಲೆ ತಿಳಿನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಬೇಕು. ಬಿಸಿಲು ರಬ್ಬರಿಗೆ ವಿಷ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಹತ್ತಿರ ಸುಳಿಯಕೂಡದು. ಅಮರೇಶನ ಹೆಂಡತಿ ಬಸವೇಶ್ವರಿ ಒಮ್ಮೆ ಡಬ್ಬಿಯನ್ನು ಹುಣಸೆಹುಳಿ ಹಚ್ಚಿ ಬೆಳಗಲು ಹೋಗಿ ಬೈಸಿಕೊಂಡಿದ್ದಳು. ಕವಾಟದ ಸ್ಪ್ರಿಂಗು ಸರಿಯಿದೆಯೋ ಇಲ್ಲವೋ ಎಂಬುದನ್ನು ಈರಪ್ಪ ಅದರ ಸಪ್ಪಳ ಕೇಳಿಯೇ ಹೇಳುತ್ತಿದ್ದ. ಮುಪ್ಪು ಬಂದರೂ ಚಿನ್ನದಂತೆ ಹೊಳೆಯುವ ಆ ಯಂತ್ರದ ಮೇಲೆ ಅವನಿಗೆ ಮೋಹವೇ ಇತ್ತು. ಈ ಮಾತನ್ನು ನೆನಪಿನಲ್ಲಿಡಿ.

ಈ ಸಲ ಶ್ರಾವಣದಲ್ಲಿ ಬಿಚ್ಚಿದಾಗ, ಒಳಗಿನ ಅಂಗೈಯಗಲದ ರಬ್ಬರ್ ಪೊರೆ ಗಡಸಾಗಿತ್ತು. ಬೆರಳಲ್ಲಿ ಮಡಚಿದರೆ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದವು. ನೀರನ್ನೂ ಗಾಳಿಯನ್ನೂ ಬೇರೆಯಾಗಿಡುವುದು ಆ ಪೊರೆ. ಅದು ಹರಿದರೆ ಡಬ್ಬಿಯೊಳಗೆ ನೀರು ನುಗ್ಗುತ್ತದೆ. ಮುಂದಿನ ಉಸಿರು ನೀರಿನದೇ. ಈರಪ್ಪ ಪೊರೆಯನ್ನು ಮರಳಿ ಕೂರಿಸಿ, ಕ್ಲಿಪ್ಪು ಬಿಗಿದು, ವರ್ಕ್‌ಶಾಪಿನ ಪದ್ಧತಿಯಂತೆ ಕೊಳವೆಗೆ ಕೆಂಪು ಚೀಟಿ ಕಟ್ಟಿದ. ಕೆಟ್ಟ ಯಂತ್ರದ ಚೀಟಿಯ ಮೇಲೆ ಅಲ್ಲಿ ಒಂದೇ ಮಾತು ಬರೆಯುತ್ತಿದ್ದರು: ‘ಸತ್ತಿದೆ’. ಕಟ್ಟಿದವನೇ ಬಿಚ್ಚಬೇಕು, ಚೀಟಿಯಿಲ್ಲದ ಯಂತ್ರ ಬದುಕಿದೆ ಎಂದೇ ಅರ್ಥ. ಈ ನಿಯಮವನ್ನು ಅವನು ಅಮರೇಶನಿಗೆ ಬಾಯಿಪಾಠ ಮಾಡಿಸಿದ್ದ. ಬಸವೇಶ್ವರಿಗೆ ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಆಮೇಲೆ ಹೊಸ ಪೊರೆಗಾಗಿ ಹುನಗುಂದದ ಕಚೇರಿಯೊಂದಕ್ಕೆ ಅರ್ಜಿ ಹಿಡಿದು ಅಲೆದ. ಎರಡು ಸಲ ಸಾಹೇಬರು ಇರಲಿಲ್ಲ. ಮೂರನೆಯ ಸಲ ಹೋದದ್ದು ದಸರೆಯ ಬನ್ನಿ ಮುಡಿದ ಮರುದಿನ.

“ಏನ್ರಿ ಫಿಟ್ಟರ್ ಸಾಹೇಬ್ರ,” ಎಂದ ಗುಮಾಸ್ತ, “ಅಂಗೈಯಷ್ಟು ರಬ್ಬರಿಗೆ ಮೂರು ಸಲ ಬಸ್ ಹತ್ತಿ ಬಂದ್ರಲ್ಲ, ಇಲಕಲ್ಲದಾಗ ಸೈಕಲ್ ಟ್ಯೂಬ್ ಸಿಗೂದಿಲ್ಲೇನು?”

“ಸೈಕಲ್ ನೆಲದ ಮ್ಯಾಲೆ ನಿಂದರ್ತೈತ್ರಿ,” ಎಂದ ಈರಪ್ಪ. “ಇದು ಮೂವತ್ತು ಫೂಟ್ ನೀರಾಗ ನಿಂದರಬೇಕು.”

ಗುಮಾಸ್ತ ನಕ್ಕು, ಒಳಗೆ ಮೀಟಿಂಗ್ ನಡೆದಿದೆ, ಮೊಬೈಲ್ ಬಂದ್ ಮಾಡಿ ಕುಳಿತುಕೊಳ್ಳಿ ಎಂದ. ಶಿಸ್ತಿನ ಮನುಷ್ಯ ಈರಪ್ಪ, ಬಂದ್ ಮಾಡಿದ. ಮಧ್ಯಾಹ್ನ ಎರಡರವರೆಗೆ ಬೆಂಚಿನ ಮೇಲೆ ಕುಳಿತ.

ಬರಿಗೈಯಲ್ಲಿ ಬಸ್ ನಿಲ್ದಾಣಕ್ಕೆ ಬಂದು ಮೊಬೈಲ್ ಚಾಲೂ ಮಾಡಿದಾಗ ಅಮರೇಶನ ಎರಡು ಕರೆಗಳು ಬಂದುಹೋಗಿದ್ದವು. ಮರಳಿ ಮಾಡಿದರೆ ಎತ್ತಿದವನು ಅಪರಿಚಿತ. ನದಿಯ ಮಡುವಿನಲ್ಲಿ ಈಜಲು ಬಂದವನೊಬ್ಬ ಮುಳುಗಿದ್ದನೆಂದೂ, ಅವನನ್ನು ತೆಗೆಯಲು ಇಳಿದವನು ಮೇಲೆ ಬಂದಿಲ್ಲವೆಂದೂ ಹೇಳಿದ. ಸಂಜೆಯ ಹೊತ್ತಿಗೆ ಬಲೆ ಹಾಕಿ ಇಬ್ಬರನ್ನೂ ಎಳೆದರು. ಡಬ್ಬಿ ಅಮರೇಶನ ಬೆನ್ನಿನ ಮೇಲೆಯೇ ಇತ್ತು. ಅದರ ಹಿತ್ತಾಳೆಯ ಮೇಲೆ ಮೂರೆಳೆಯ ವಿಭೂತಿಯ ಗುರುತು ನೀರಿಗೂ ಪೂರ್ತಿ ಹೋಗಿರಲಿಲ್ಲ. ಕೆಂಪು ಚೀಟಿ ಇರಲಿಲ್ಲ. ಈರಪ್ಪ ಅಲ್ಲಿಯೇ ಕ್ಲಿಪ್ಪುಗಳನ್ನು ಬಿಚ್ಚಿದ. ಪೊರೆ ಈ ಅಂಚಿನಿಂದ ಆ ಅಂಚಿಗೆ ಸೀಳಿತ್ತು.

ವಿಚಾರಣೆಗೆ ಬಂದವರು ‘ಮೃತನ ಸ್ವಂತ ಅಜಾಗರೂಕತೆ’ ಎಂದು ಬರೆದುಕೊಂಡು ಹೋದರು. ಹದಿನಾಲ್ಕು ಸಲ ಅವನನ್ನು ಕರೆದವರ ಅಜಾಗರೂಕತೆಗೆ ಆ ಕಾಗದದಲ್ಲಿ ಜಾಗವಿರಲಿಲ್ಲ.

ಒಂಬತ್ತನೆಯ ದಿನ ಬಸವೇಶ್ವರಿ ದೇವರ ಜಗಲಿಯಿಂದ ಚೀಟಿಯನ್ನು ತಂದು ಈರಪ್ಪನ ಮುಂದಿಟ್ಟಳು.

“ಖಂಡೇಪೂಜಿ ದಿನ ಡಬ್ಬೀನೂ ಆಯುಧದ ಸಾಲಿನಾಗ ಇಡಾಕ ನಾನ ಬಿಚ್ಚಿದ್ದೆ, ಮಾವಾರ,” ಎಂದಳು. “ಅವರ ಜೀವ ಕಾಯೂ ಸಾಮಾನ. ಅದರ ಮ್ಯಾಲೆ ಸತ್ತಿದೆ ಅಂತ ಬರದಿತ್ತು. ಅದನ್ನಿಟ್ಟು ಹ್ಯಾಂಗ ವಿಭೂತಿ ಹಚ್ಚಲಿ? ಬನ್ನಿ ಮುಡಿದ ಮ್ಯಾಲೆ ಮತ್ತ ಕಟ್ಟಿದ್ರಾತು ಅಂತ ಇಟ್ಟೆ. ಮರುದಿನ ನಾ ನೀರಿಗೆ ಹೋದಾಗ ಅವರನ್ನ ಕರಿಯಾಕ ಜೀಪ್ ಬಂತಂತ. ‘ಮಾವ ರಬ್ಬರ್ ಹಾಕ್ಯಾನ, ಚೀಟಿ ಬಿಚ್ಚ್ಯಾನ’ ಅಂತ ನಮ್ಮನಿಯವರು ಅತ್ತೀಗೆ ಹೇಳಿ ಹೋಗ್ಯಾರ.”

ಈರಪ್ಪ ಚೀಟಿಯನ್ನು ಕೈಗೆತ್ತಿಕೊಂಡ. ಅವನದೇ ಅಕ್ಷರ, ದುಂಡಗೆ, ಸಾಲು ತಪ್ಪದೆ.

“ತಪ್ಪು ನಿಂದಲ್ಲವ್ವ,” ಎಂದ. “ಆ ಪೊರಿ ತಗದು ನನ್ನ ಕಿಸೇದಾಗ ಇಟ್ಕೊಂಡಿದ್ರ ಮುಗೀತಿತ್ತು. ಬಿಚ್ಚಿಟ್ರ ಡಬ್ಬಿ ಕೆಡತೈತಿ ಅಂತ ಮರಳಿ ಕೂಡ್ರಿಸಿದೆ. ಡಬ್ಬಿ ಉಳೀತು ನೋಡು.”

ಅವಳು ಕ್ಷಮಿಸಿದೆನೆಂದೂ ಹೇಳಲಿಲ್ಲ, ತನ್ನನ್ನು ಕ್ಷಮಿಸೆಂದೂ ಕೇಳಲಿಲ್ಲ. ಒಳಗೆ ಹೋಗಿ ಟ್ರಂಕಿನ ಶಾಲುಗಳನ್ನು ತಂದು ಅಂಗಳಕ್ಕೆ ಎಸೆದಳು. ಈರಪ್ಪ ಚೂರಿಯಿಂದ ಎರಡೂ ಕೊಳವೆಗಳನ್ನು ಕತ್ತರಿಸಿದ. ಯಾರಿಗೂ ಉಪಯೋಗವಿಲ್ಲದ ಕೆಲಸವೆಂದು ಅವನಿಗೆ ಗೊತ್ತಿತ್ತು. ಆದರೂ ಕೊನೆಯ ಎಳೆಯವರೆಗೆ ಕತ್ತರಿಸಿದ. ಇತ್ತೀಚೆಗೆ ಅವನು ಯಾವ ಯಂತ್ರವನ್ನೂ ಮುಟ್ಟುವುದಿಲ್ಲ.

ನಿಮ್ಮ ಊರಿನ ನದಿಗೂ ಒಬ್ಬ ಅಮರೇಶನಿದ್ದಾನೆ. ಮುಂದಿನ ಹೆಣ ತೇಲುವ ಮೊದಲು ಅವನ ಮನೆಗೆ ಹೋಗಿ. ಶಾಲು ಒಯ್ಯಬೇಡಿ. ಉಸಿರುಡಬ್ಬಿಯನ್ನು ಬಿಚ್ಚಿಸಿ, ಆ ರಬ್ಬರನ್ನು ನಿಮ್ಮ ಕೈಯಾರೆ ಮಡಚಿ ನೋಡಿ. ಬಿರುಕು ಕಂಡರೆ ಚೀಟಿ ಬರೆಯಬೇಡಿ, ಅರ್ಜಿಯನ್ನೂ ಬರೆಯಬೇಡಿ. ಅಲ್ಲಿಯೇ ಕತ್ತರಿಸಿ, ಹೊಸದನ್ನು ತಂದು ಅವನ ಕೈಗೆ ಕೊಡಿ.